ಎಡಕ್ಕೆ ತಿರುಗಿದ ನಳಿಗೆ ನನ್ನದು

ಸತೀಶ, ನಿನ್ನ ಅಣ್ಣನ ಬಲಗಣ್ಣು ಹೋದದ್ದು ನಿನ್ನ ಕೋವಿಯಿಂದಲ್ಲ, ನನ್ನ ಕೋವಿಯಿಂದ. ಅದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಿದ್ದೂ ಐದು ವರ್ಷ ಸುಮ್ಮನಿದ್ದೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಪಶ್ಚಾತ್ತಾಪದಿಂದ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು — ಹೆದರಿಕೆಯಿಂದ. ಐದು ವರ್ಷದಿಂದ ನನ್ನಲ್ಲಿ ಇರುವುದು ಅದೊಂದೇ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ನೀನು ಓದಿದ ಮೇಲೆ ಈ ಕಾಗದವನ್ನು ಓದಬೇಕಾದವರು ಇನ್ನೂ ಇದ್ದಾರೆ.

ಕೋವಿಯ ಹುಚ್ಚು ಹತ್ತಿಸಿದವನು ನಾನು. ಹುಬ್ಬಳ್ಳಿಯಲ್ಲಿ ನಿಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ನೀನು ಮೆಲ್ಬರ್ನಿನ ಕ್ರಾನ್‌ಬರ್ನ್‌ಗೆ ಬಂದು ನಮ್ಮ ಬೀದಿಯಲ್ಲೇ ಮನೆ ಹಿಡಿದಾಗ ವಾರಾಂತ್ಯಕ್ಕೆ ಏನು ಮಾಡಬೇಕೆಂದು ತೋಚದೆ ನನ್ನ ಹಿಂದೆ ಮಣ್ಣಿನ ತಟ್ಟೆ ಹೊಡೆಯುವ ಕ್ಲಬ್ಬಿಗೆ ಬಂದೆ. ಆಕಾಶಕ್ಕೆ ಚಿಮ್ಮಿದ ತಟ್ಟೆ ನಿನ್ನ ಮೊದಲ ಹೊಡೆತಕ್ಕೇ ಪುಡಿಯಾಯಿತು. ನೀನು ನಕ್ಕೆ. ಆ ನಗುವನ್ನು ನಾನು ಈಚೆಗೆ ನೋಡಿಲ್ಲ.

ಅಲ್ಲಿ ನನ್ನನ್ನು ಎಲ್ಲರೂ ಬಲ್ಲವನೆಂದು ತಿಳಿದಿದ್ದರು. ಕೆಲಸವೇ ಅಂಥದ್ದು — ಫ್ಯಾಕ್ಟರಿಯಲ್ಲಿ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬದಿಗಿಡುವುದು. ಕೋವಿಯಲ್ಲೂ ಹಾಗೇ. ಯಾವ ತೋಟಾದಲ್ಲಿ ಎಷ್ಟು ದಪ್ಪದ ಚರೆ, ನಳಿಗೆಯ ಬಾಯಿಗೆ ಯಾವ ಚೋಕ್ ತಿರುಗಿಸಿ ಕೂರಿಸಿದರೆ ಆ ಚರೆ ಎಷ್ಟು ದೂರದಲ್ಲಿ ಎಷ್ಟಗಲ ಹರಡುತ್ತದೆ — ಕಾಗದದ ಹಾಳೆ ನಿಲ್ಲಿಸಿ, ಹೊಡೆದು, ತೂತು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ನನ್ನ ಹೆಂಡತಿ ಸುಮಾ ನಗುತ್ತಿದ್ದಳು. “ನಿಮಗೆ ಹೊಡೆಯೋದಕ್ಕಿಂತ ಎಣಿಸೋದೇ ಇಷ್ಟ” ಎನ್ನುತ್ತಿದ್ದಳು.

ಕಾಲಿನ್ ಪರಿಚಯವಾದದ್ದೂ ಆ ಕ್ಲಬ್ಬಿನಲ್ಲೇ. ಎಪ್ಪತ್ತು ದಾಟಿದ ರೈತ. ಮೆಲ್ಬರ್ನಿನಿಂದ ಸಣ್ಣ ವಿಮಾನದಲ್ಲಿ ಹೋಗಬೇಕಾದ ದ್ವೀಪವೊಂದರಲ್ಲಿ ಅವನ ಜಮೀನು. ಯಾವ ಕಾಲದಲ್ಲೋ ಸಾಕಿದ ಟರ್ಕಿ ಕೋಳಿಗಳು ಅಲ್ಲಿ ತಪ್ಪಿಸಿಕೊಂಡು ಕಾಡು ಸೇರಿ, ಹಿಂಡುಗಟ್ಟಿ ಅವನ ಬಿತ್ತನೆ ತಿನ್ನುತ್ತಿದ್ದವು. “ಬಂದು ನಾಲ್ಕು ಕಡಿಮೆ ಮಾಡಿ” ಎಂದ. ನೀನು ಒಂದು ಸಲ ನೋಡಬೇಕು ಅಂದೆ. ನಿನ್ನ ಅಣ್ಣ ಗಿರೀಶ್ ಸಿಡ್ನಿಯಿಂದ ತಾನೂ ಬರುತ್ತೇನೆಂದರು — ಕೋವಿಗಲ್ಲ, ಕ್ಯಾಮೆರಾಕ್ಕೆ. ಹಕ್ಕಿಗಳ ಫೋಟೋ ತೆಗೆಯುವುದು ಅವರ ಪ್ರಾಣ. ಸಿಡ್ನಿಯಲ್ಲಿ ಲೈಟ್ ರೈಲ್, ಅಂದರೆ ಟ್ರಾಮ್, ಓಡಿಸುತ್ತಿದ್ದ ಅವರು ರಜೆ ಸಿಕ್ಕಾಗಲೆಲ್ಲ ಕೆರೆ ಹಳ್ಳ ಹುಡುಕಿಕೊಂಡು ಹೋಗುತ್ತಿದ್ದರು. “ನೀವು ಹೊಡೀರಿ, ನಾ ಹಿಡೀತೀನಿ” ಅಂದಿದ್ದರು ಫೋನಿನಲ್ಲಿ.

ಹಿಂದಿನ ದಿನ ಮಧ್ಯಾಹ್ನ ಕಾಲಿನ್‌ನ ಕೊಟ್ಟಿಗೆಯ ಹಿಂದೆ ಹಾಳೆ ಕಟ್ಟಿ ನಿನ್ನ ಕೋವಿಯನ್ನು ಪರೀಕ್ಷಿಸಿದೆವು. ನೆನಪಿದೆಯೆ? ನಾನು ನಿನಗೆ ತೆರೆದ ಚೋಕ್ ಹಾಕಿಕೊಟ್ಟೆ, ಹಗುರದ ತೋಟಾ ಕೊಟ್ಟೆ — ಬೂದು ಬಣ್ಣದ ಸೀಸದ ಸಣ್ಣ ಚರೆ. ಹದಿನೈದು ಹೆಜ್ಜೆಯಿಂದ ಹೊಡೆದಾಗ ಹಾಳೆಯಲ್ಲಿ ಊಟದ ತಟ್ಟೆಯಗಲ ತೂತು ಬಿತ್ತು.

“ಇಷ್ಟ ಅಗಲ ಹರಡ್ತೈತಲ್ರಿ ಅಣ್ಣಾರ, ಇದು ಸಾಕಾಗ್ತೈತೇನ್ರಿ?” ಎಂದೆ ನೀನು.

“ಹತ್ತಿರ ಬರೋವರೆಗೂ ಕಾಯೋದೇ ನಿನ್ನ ಕೆಲಸ. ಹದಿನೈದು ಹೆಜ್ಜೆಗೆ ಬಂದ್ರೆ ಇದಕ್ಕಿಂತ ಒಳ್ಳೇದಿಲ್ಲ. ಟೈಟ್ ಚೋಕ್ ಹಾಕಿದ್ರೆ ಚರೆಯೆಲ್ಲ ಒಂದು ಮುಷ್ಟಿ ಆಗಿ ಹೋಗತ್ತೆ. ಕೂದಲಷ್ಟು ತಪ್ಪಿದ್ರೂ ತಪ್ಪಿದ ಹಾಗೇ. ದೂರ ಇದ್ರೆ ಹೊಡೀಲೇಬೇಡ. ಬಿಟ್ಬಿಡು, ಹೋಗ್ಲಿ.”

ಒಳ್ಳೆಯ ಪಾಠ. ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ನಿನಗೆ ಪಾಠ ಹೇಳಿ ಕೋಣೆಗೆ ಹೋದ ನಾನು ನನ್ನ ಕೋವಿಗೆ ಏನು ಹಾಕಿಕೊಂಡೆ? ಇದ್ದುದರಲ್ಲೆಲ್ಲ ಬಿಗಿಯಾದ ಚೋಕ್. ಭಾರದ ತೋಟಾ — ತಾಮ್ರ ಲೇಪಿಸಿದ ದಪ್ಪ ಚರೆ, ನಲವತ್ತು ಐವತ್ತು ಹೆಜ್ಜೆಯಾಚೆಗೂ ಬಲ ಕಳೆದುಕೊಳ್ಳದ್ದು. ಹತ್ತಿರದ ಬೇಟೆಗೆ ಅದು ಬೇಕಾಗಿಯೇ ಇರಲಿಲ್ಲ. ನೀನು ತಪ್ಪಿಸುತ್ತೀಯೆಂದು ನಾನು ಲೆಕ್ಕ ಹಾಕಿದ್ದೆ. ತಪ್ಪಿಸಿಕೊಂಡು ಓಡುವ ಹಕ್ಕಿಯನ್ನು ದೂರದಿಂದ ಬೀಳಿಸಿ, ಎಲ್ಲರ ಎದುರು... ಅಷ್ಟೇ. ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಬರೆಯುತ್ತಿದ್ದೆ. ನಾನು ಯಾವುದನ್ನು ಹಾಕಿಕೊಂಡೆನೆಂದು ನಿನಗೆ ಹೇಳಲಿಲ್ಲ. ನೀನು ಕೇಳಲೂ ಇಲ್ಲ — ಅಣ್ಣಾರಿಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು.

ಬೆಳಗಾದಾಗ ಗಾಳಿಯಿತ್ತು. ಬಿದ್ದ ಮರದ ದಿಮ್ಮಿಗೆ ಒರಗಿ ನೀನೂ ನಾನೂ ಕುಳಿತೆವು. ಗಿರೀಶ್ ನಮ್ಮ ಎಡಕ್ಕೆ ನಲವತ್ತು ಹೆಜ್ಜೆ ದೂರ, ಹಳ್ಳದ ದಡದಲ್ಲಿ ಜರಿಗಿಡಗಳ ಹಿಂದೆ, ಕ್ಯಾಮೆರಾ ಹಿಡಿದು. ನಮಗೂ ಅವರಿಗೂ ನಡುವೆ ಬಿಳಿಬಣ್ಣಕ್ಕೆ ತಿರುಗಿದ ಒಂದು ಮರದ ಬುಡ. ಕಾಲಿನ್ ಅದನ್ನು ಕೈಚಾಚಿ ತೋರಿಸಿ, ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿ ಹೇಳಿದ್ದ: “ಅದರ ಎಡಕ್ಕೆ ಜಗತ್ತೇ ಇಲ್ಲ. ತಿಳೀತಾ?” ನಾವು ತಲೆಯಾಡಿಸಿದೆವು. ಗಿರೀಶ್ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡಿದ್ದರು. ಅವರು ಕಾಣುತ್ತಿರಲಿಲ್ಲ ಎಂದು ನಾನು ಯಾರೆದುರೂ ಹೇಳಲಾರೆ. ಕಾಣುತ್ತಿದ್ದರು.

ಕಾಲಿನ್ ನಮ್ಮ ಹಿಂದೆ ಮರದ ಪುಟ್ಟ ಡಬ್ಬಿಯನ್ನು ಉಜ್ಜಿ ಹೆಣ್ಣುಹಕ್ಕಿಯ ಕೂಗು ಹೊರಡಿಸಿದ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗುಡ್ಡದ ಅಂಚಿನಿಂದ ಗಂಡು ಉತ್ತರಿಸಿತು — ಗಂಟಲೊಳಗೆ ಕಲ್ಲು ಉರುಳಿದ ಹಾಗೆ. ಅದು ಬಂತು. ಬಾಲ ಬಿಚ್ಚಿ, ರೆಕ್ಕೆಯ ತುದಿ ನೆಲಕ್ಕೆ ಎಳೆಯುತ್ತ, ಕೆಂಪು ನೀಲಿ ತಲೆಯನ್ನು ಎತ್ತಿ ಇಳಿಸುತ್ತ. ನಿನ್ನ ಉಸಿರು ನನಗೆ ಕೇಳಿಸುತ್ತಿತ್ತು. ನಾನು ಹೇಳಿಕೊಟ್ಟ ಹಾಗೆಯೇ ಕಾದೆ ನೀನು. ಹದಿನೈದು ಹೆಜ್ಜೆಗೆ ಬಂದಾಗ ಹೊಡೆದೆ. ಚರೆ ಅದರ ಕಾಲಡಿಯ ಮಣ್ಣನ್ನು ಎಬ್ಬಿಸಿತು. ಹಕ್ಕಿ ಎಡಕ್ಕೆ ಓಡಿತು. ನೀನು ನಳಿಗೆಯನ್ನು ಅದರ ಹಿಂದೆ ಎಳೆದೆ.

ಇಲ್ಲಿಂದ ಮುಂದಿನದು ನಿನಗೆ ನೆನಪಿಲ್ಲ. ನನಗೆ ಇದೆ.

ನಿನ್ನ ನಳಿಗೆ ಆ ಬಿಳಿ ಬುಡದ ತನಕ ಬಂತು — ಅಲ್ಲಿ ನಿಂತಿತು. ನೀನು ಅದನ್ನು ಮೇಲಕ್ಕೆತ್ತಿದೆ. ಎರಡನೆಯ ತೋಟಾ ಹಾರಿದ್ದು ಆಕಾಶಕ್ಕೆ. ಮೊದಲ ಸಲ ಜೀವದ ಮೇಲೆ ಕೋವಿ ಹಿಡಿದವನು ನೀನು, ಆ ಗಡಿಬಿಡಿಯಲ್ಲೂ ಹೇಳಿದ ಮಾತನ್ನು ಉಳಿಸಿಕೊಂಡೆ. ಅದೇ ಗಳಿಗೆಯಲ್ಲಿ, ನಿನ್ನ ಸದ್ದಿನ ಬೆನ್ನಿಗೇ, ನಾನು ಹೊಡೆದೆ. ನನ್ನ ನಳಿಗೆ ಬುಡವನ್ನು ದಾಟಿತ್ತು. ದಾಟಿದ್ದು ಗೊತ್ತಿತ್ತೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿದ್ದೇನೆ. ಹಕ್ಕಿಯ ಕತ್ತು ಮಾತ್ರ ಕಾಣುತ್ತಿತ್ತು. ಅದರ ಹಿಂದೆ ಕಿತ್ತಳೆ ಬಣ್ಣ — ಇತ್ತು. ಬೆರಳು ಎಳೆಯಿತು.

ಹಕ್ಕಿ ಹಾಗೇ ಓಡಿಹೋಯಿತು. ಗಿರೀಶ್ ಕಿರುಚಲಿಲ್ಲ. “ಏ” ಎಂದರು, ಯಾರೋ ಹೆಗಲು ತಟ್ಟಿ ಕರೆದರೆ ಓಗೊಡುವಂತೆ. ಆಮೇಲೆ ಕುಳಿತುಕೊಂಡರು. ನೀನು ಕೋವಿ ಬಿಸಾಕಿ ಓಡಿದೆ. “ಅಣ್ಣಾ, ನಾನ ಹೊಡದೆ, ನಾನ ಹೊಡದೆ” ಎನ್ನುತ್ತ ಓಡಿದೆ. ನಿನ್ನನ್ನು ಯಾರೂ ಕೇಳಿರಲಿಲ್ಲ, ಸತೀಶ. ನೀನೇ ಹೇಳಿಬಿಟ್ಟೆ. ಮತ್ತೆ ನಾನು ನನ್ನ ಬಾಯಿ ತೆರೆಯುವ ಮೊದಲೇ ಮನಸ್ಸಿನ ಒಂದು ಮೂಲೆ — ಹೇಗೆ ಬರೆಯಲಿ ಇದನ್ನು — ಆ ಮೂಲೆ ಹಗುರವಾಯಿತು.

ಕಾಲಿನ್ ತನ್ನ ವಾಹನ ತಂದ. ನೀವಿಬ್ಬರೂ ಗಿರೀಶರನ್ನು ಎತ್ತಿಕೊಂಡಿರಿ. ಅವರ ಬೆರಳುಗಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. “ನೀವು ಹೋಗಿ, ನಾನು ಕೋವಿಗಳನ್ನು ಜೋಪಾನ ಮಾಡಿ ಬರ್ತೀನಿ” ಎಂದೆ. ಜವಾಬ್ದಾರಿಯ ಮಾತಿನಂತೆ ಕೇಳಿಸಿತು. ನಾನು ಉಳಿದದ್ದು ಬೇರೆ ಕೆಲಸಕ್ಕೆ.

ವಾಹನದ ಸದ್ದು ಮರೆಯಾದ ಮೇಲೆ ಅಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಗಿರೀಶ್ ಕುಳಿತಿದ್ದ ಜಾಗದ ಪಕ್ಕದ ಮರಕ್ಕೆ ಹೋಗಿ ನೋಡಿದೆ. ತೊಗಟೆಯಲ್ಲಿ ಒತ್ತಾಗಿ ತೂತುಗಳು. ನನ್ನ ಚರೆಯ ಬಹುಪಾಲು ಅಲ್ಲೇ ಹೊಕ್ಕಿತ್ತು. ಗುಂಪಿನ ಅಂಚಿನಲ್ಲಿ ಹೋದ ಎರಡು ಚರೆ ಮಾತ್ರ ಅವರನ್ನು ಮುಟ್ಟಿದ್ದವು — ಒಂದು ಕಿವಿ ಸವರಿ ಹೋಗಿತ್ತು, ಇನ್ನೊಂದು ಕಣ್ಣು ಸೀಳಿ ಕೆನ್ನೆಯ ಮೂಳೆ ಸೇರಿತ್ತು. ನಿನ್ನ ಕೋವಿಯ ಹಗುರದ ಚರೆಯಾಗಿದ್ದರೆ ಅಷ್ಟು ದೂರಕ್ಕೆ ಬಲಗುಂದಿ ಬಹುಶಃ ಚರ್ಮ ಕೆಂಪಾಗಿಸಿ ಬೀಳುತ್ತಿತ್ತು. ಬಹುಶಃ. ಅಳೆಯುವವನಿಗೆ ಈ ಲೆಕ್ಕ ತಪ್ಪುವುದಿಲ್ಲ, ಬಿಡುವುದೂ ಇಲ್ಲ.

ಆಗ ಹೆದರಿಕೆ ಬಂತು. ಬಾಗಿ ವಾಂತಿ ಮಾಡಿಕೊಂಡೆ. ಪೊಲೀಸರು, ಕೋರ್ಟು, ಪೇಪರು, ನನ್ನ ಹೆಸರು — ಬಾಯಿ ಒರೆಸಿಕೊಂಡು ದಿಮ್ಮಿಯ ಬಳಿ ಬಂದೆ. ನನ್ನ ಖಾಲಿ ತೋಟಾ ಆರಿಸಿಕೊಂಡು ಕಾಲುಚೀಲದೊಳಗೆ ತುರುಕಿದೆ. ಹಿಂದಿನ ದಿನ ಹಾಳೆಯ ಮೇಲೆ ಹೊಡೆದಿದ್ದ ನಿನ್ನ ಬಗೆಯ ಖಾಲಿ ತೋಟಾ ನನ್ನ ಬ್ಯಾಗಿನಲ್ಲಿತ್ತು. ಅದನ್ನು ತೆಗೆದು ಹುಲ್ಲಿನ ಮೇಲೆ, ನಾನು ಕುಳಿತಿದ್ದ ಕಡೆಗೆ, ಇಟ್ಟೆ. ಎಸೆಯಲಿಲ್ಲ, ಇಟ್ಟೆ. ಚೋಕ್ ತಿರುಗಿಸಿ ತೆಗೆದು ಬೇರೆಯದನ್ನು ಕೂರಿಸಿದೆ. ಎಲ್ಲ ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ.

ದ್ವೀಪದ ಪುಟ್ಟ ಆಸ್ಪತ್ರೆಗೆ ಪೊಲೀಸಿನವನು ಬಂದಾಗ ಗಿರೀಶರನ್ನು ಮೆಲ್ಬರ್ನಿಗೆ ಸಾಗಿಸಲು ವಿಮಾನ ಬರುತ್ತಿತ್ತು. ಎಳೆಯ ಮುಖದವನು, ಸೌಮ್ಯವಾಗಿಯೇ ಕೇಳಿದ: ಎಡಕ್ಕೆ ಹೊಡೆದವರು ಯಾರು? ನೀನು ನೆಲ ನೋಡುತ್ತಲೇ ಕೈಯೆತ್ತಿದೆ, ಶಾಲೆಯಲ್ಲಿ ಎತ್ತುವ ಹಾಗೆ. ಅವನು ನನ್ನ ಕಡೆ ತಿರುಗಿದ. ನೀವು?

“ನಾನು ನೇರ ಎದುರಿಗೆ ಹೊಡೆದೆ. ಇಬ್ಬರದೂ ಒಂದೇ ಬಾಕ್ಸಿನ ತೋಟಾ” ಎಂದೆ.

ಅವನು ಬರೆದುಕೊಂಡ. ಅಷ್ಟೇ. ಎರಡು ವಾಕ್ಯ. ನೀನು ತಲೆಯೆತ್ತಿ ನನ್ನನ್ನು ನೋಡಿದೆ — ಅನುಮಾನದಿಂದ ಅಲ್ಲ. ಆಸರೆಗೆ. ನಾನು ನಿನ್ನ ಹೆಗಲ ಮೇಲೆ ಕೈಯಿಟ್ಟೆ.

ಕಣ್ಣು ಉಳಿಯಲಿಲ್ಲ. ಮೂಳೆಯಲ್ಲಿದ್ದ ಚರೆಯನ್ನು ಡಾಕ್ಟರು ಮುಟ್ಟಲಿಲ್ಲ, ತೆಗೆಯಲು ಹೋದರೆ ಹೆಚ್ಚು ಹಾನಿ ಎಂದರು. ಆ ಮಾತು ಕೇಳಿ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ದೇವರಿಗೆ ಕೈಮುಗಿದೆ. ನೀನು ಅದನ್ನು ನೋಡಿ, ನಿನ್ನ ಅಣ್ಣನಿಗಾಗಿ ಮುಗಿದೆನೆಂದು ತಿಳಿದು, ನೀನೂ ಮುಗಿದೆ.

ಮ್ಯಾಜಿಸ್ಟ್ರೇಟರ ಮುಂದೆ ನೀನು ಒಂದು ಮಾತೂ ವಾದಿಸದೆ ತಪ್ಪೊಪ್ಪಿಕೊಂಡೆ. ನಿನ್ನ ಕೋವಿಯ ಲೈಸೆನ್ಸ್ ಹೋಯಿತು. ಸಿಟಿಜನ್‌ಶಿಪ್ಪಿಗೆ ಹಾಕಿದ್ದ ಅರ್ಜಿಯನ್ನು ನೀನೇ ವಾಪಸ್ ತೆಗೆದುಕೊಂಡೆ. “ಯಾವ ಮುಖಾ ಇಟ್ಕೊಂಡು ಪ್ರಮಾಣ ಮಾಡ್ಲಿರಿ” ಎಂದೆ. ಮತ್ತೆ — ಇದನ್ನು ಬರೆಯದೆ ಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ — ಆ ಕೋರ್ಟಿಗೆ ನಿನ್ನ ಪರವಾಗಿ ಒಳ್ಳೆಯ ನಡತೆಯ ಪತ್ರ ಬರೆದುಕೊಟ್ಟವನು ನಾನು. ಎಚ್ಚರಿಕೆಯ ಮನುಷ್ಯ, ಒಂದು ಕ್ಷಣದ ಮೈಮರೆವು, ಎಂದು ಬರೆದೆ. ಅದನ್ನು ಓದಿ ನಮ್ಮ ಮನೆಯ ಹಾಲಿನಲ್ಲಿ ನೀನು ನನ್ನ ಕಾಲು ಮುಟ್ಟಿದೆ. ಸುಮಾ ಕಣ್ಣೊರೆಸಿಕೊಂಡಳು.

ನನ್ನ ಐದು ವರ್ಷ ಹೇಗಿತ್ತೆಂದು ಹೇಳಿಕೊಳ್ಳುವುದು ಸರಿಯಲ್ಲ. ಆದರೂ ಒಂದಿಷ್ಟು ಹೇಳುತ್ತೇನೆ, ಕನಿಕರಕ್ಕಲ್ಲ. ಹೈವೇಯಲ್ಲಿ ಪೊಲೀಸ್ ಕಾರು ಹಿಂದೆ ಬಂದರೆ ಮೊದಲು ಸಿಕ್ಕ ತಿರುವಿಗೆ ಕಾರು ತಿರುಗಿಸಿಬಿಡುತ್ತಿದ್ದೆ. ಅಂಚೆಪೆಟ್ಟಿಗೆಯಲ್ಲಿ ಸರ್ಕಾರಿ ಪತ್ರ ಬರುವಂಥ ಕಿಟಕಿಯಿರುವ ಲಕೋಟೆ ಕಂಡರೆ ಸುಮಾ ನೋಡುವ ಮೊದಲು ಎತ್ತಿಕೊಳ್ಳುತ್ತಿದ್ದೆ. ಕೋವಿ ಮಾರಿದೆ, ಕ್ಲಬ್ ಬಿಟ್ಟೆ. ಕಾಲಿನ್ ಒಂದು ಸಲ ಫೋನ್ ಮಾಡಿ, “ಆ ಮರದ ತೂತುಗಳನ್ನು ನೋಡಿದೆ, ಒಂದು ಮಾತು ಕೇಳಬೇಕಿತ್ತು” ಎಂದ. ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ಮರುವರ್ಷ ಅವನು ತೀರಿಕೊಂಡನೆಂದು ಕೇಳಿದಾಗ ನನಗಾದದ್ದು ದುಃಖವಲ್ಲ. ಇಂಥ ಮನುಷ್ಯನಾದೆ ನಾನು.

ನಿನ್ನ ಅತ್ತಿಗೆ ವಿಜಯಾ ನಿನ್ನನ್ನು ಸಿಡ್ನಿಯ ಗಿರಾವೀನ್‌ನ ಮನೆಗೆ ಬರಬೇಡವೆಂದದ್ದು ಆ ದಿನಗಳಲ್ಲೇ. ಗಿರೀಶ್ ಲೈಟ್ ರೈಲ್ ಬಿಟ್ಟು ಡಿಪೋದ ಆಫೀಸು ಕೆಲಸಕ್ಕೆ ಬಂದರು, ಕ್ಯಾಮೆರಾ ಯಾರಿಗೋ ಕೊಟ್ಟರು. ಅವರು ನಿನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ, ಅದು ನಿನಗೆ ಗೊತ್ತಿದೆ. ಆದರೆ ಹೆಂಡತಿಯ ಮಾತು ಮೀರಿ ನಿನ್ನನ್ನು ಒಳಗೆ ಕರೆಯಲೂ ಇಲ್ಲ. ನಾನು ಮಾತ್ರ ಎರಡೂ ಕಡೆಗೆ ಬೇಕಾದವನಾಗಿ ಉಳಿದೆ.

ಹೋದ ವರ್ಷ ಅವರ ಮಗಳು ಪೂರ್ವಿಯ ನಿಶ್ಚಿತಾರ್ಥ. ಸಿಡ್ನಿಯ ಪ್ಯಾರಮಟ್ಟಾದ ಸಭಾಂಗಣದಲ್ಲಿ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಫೋನ್ ಬಂತೆಂದು ಹೊರಗೆ ಬಂದಾಗ ಕಾರ್‌ಪಾರ್ಕಿನ ಆಚೆ ತುದಿಯಲ್ಲಿ ನಿನ್ನನ್ನು ಕಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ. ಅಣ್ಣನ ಮಗಳನ್ನು ದೂರದಿಂದ ನೋಡಲು ಮೆಲ್ಬರ್ನಿನಿಂದ ಬಂದಿದ್ದೆ. ನೀನು ನನ್ನನ್ನು ನೋಡಲಿಲ್ಲ. ನಾನು ಕಂಬದ ಹಿಂದೆ ಸರಿದೆ. ಒಳಗೆ ಬಂದಾಗ ಪೂರ್ವಿ, ಆ ರೇಷ್ಮೆ ಸೀರೆಯಲ್ಲಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಂಕಲ್, ಈಸ್ ಚಿಕ್ಕಪ್ಪ ಹಿಯರ್? ಐ ಥಾಟ್ ಐ ಸಾ ಹಿಮ್.”

“ಇಲ್ಲಮ್ಮ. ಬೇರೆ ಯಾರೋ ಇರಬೇಕು” ಎಂದೆ. ಅವಳು ಬಾಗಿಲ ಕಡೆ ಇನ್ನೊಮ್ಮೆ ನೋಡಿ ಹೋದಳು. ಆಮೇಲೆ ಊಟ ಬಡಿಸಿದರು. ಉಂಡೆ.

ಎರಡು ತಿಂಗಳ ಹಿಂದೆ ಗಿರೀಶ್ ಫೋನ್ ಮಾಡಿದರು. ಕೆನ್ನೆಯ ಮೂಳೆ ನೋಯುತ್ತಿದೆ, ಚರೆ ಸರಿದಿದೆಯಂತೆ, ಸಿಡ್ನಿಯ ಡಾಕ್ಟರು ತೆಗೆಯುತ್ತೇವೆ ಅಂದಿದ್ದಾರೆ. “ತಗದು ಕೈಯಾಗ ಕೊಡ್ತಾರಂತ್ರಿ ರವೀ” ಎಂದು ನಕ್ಕರು. ನಾನೂ ನಕ್ಕೆ. ಫೋನ್ ಇಟ್ಟು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತೆ. ಸೀಸಕ್ಕೆ ಮೈಯೊಳಗೆ ಏನಾಗುತ್ತದೆ, ತಾಮ್ರದ ಲೇಪ ಐದು ವರ್ಷ ಉಳಿಯುತ್ತದೆಯೆ — ಹುಡುಕಿ ಹುಡುಕಿ ಓದಿದೆ. ಊಟ ಸೇರಲಿಲ್ಲ. ಫ್ಯಾಕ್ಟರಿಯಲ್ಲಿ ಒಂದೇ ಭಾಗವನ್ನು ಮೂರು ಸಲ ಅಳೆದು ಮೂರು ಬೇರೆ ಅಂಕಿ ಬರೆದೆ. ಅದನ್ನು ನೀನು ನೋಡಿದರೆ? ನಿನ್ನ ತೋಟಾದ ಚರೆ ಬೂದು ಬಣ್ಣದ್ದೆಂಬುದು ನಿನಗೆ ನೆನಪಿದ್ದರೆ? ನೀನಲ್ಲದಿದ್ದರೆ ಬೇರೆ ಯಾರಾದರೂ...

ಆಪರೇಷನ್ ಆದ ನಾಲ್ಕನೆಯ ದಿನ, ಹೋದ ಶನಿವಾರ, ನೋಡಿಕೊಂಡು ಬರುತ್ತೇನೆಂದು ಸಿಡ್ನಿಗೆ ಹೋದೆ. ನಿಜವಾಗಿ ನೋಡಬೇಕಿದ್ದದ್ದು ಚರೆಯನ್ನು.

ಗಿರಾವೀನ್‌ನ ಅಡುಗೆಮನೆಯ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕ, ಸಣ್ಣ ಪಾರದರ್ಶಕ ಡಬ್ಬಿಯಲ್ಲಿ ಅದಿತ್ತು. ಒಂದು ಬದಿ ಚಪ್ಪಟೆಯಾಗಿತ್ತು. ಇನ್ನೊಂದು ಬದಿ ಉಜ್ಜಿದ ತಂಬಿಗೆಯಂತೆ ಥಳಥಳ ಹೊಳೆಯುತ್ತಿತ್ತು — ತಾಮ್ರದ ಕೆಂಪು. ಅಳೆಯಬೇಕಾಗಿರಲಿಲ್ಲ.

ಗಿರೀಶ್ ಕೆನ್ನೆಯ ಪಟ್ಟಿ ಸವರಿಕೊಳ್ಳುತ್ತ ಡಬ್ಬಿಯನ್ನು ನನ್ನ ಕಡೆ ಸರಿಸಿದರು. “ನೀವು ತಿಳದವರು, ನೋಡಿ ಹೇಳ್ರಿ. ಇದು ಎಂಥಾದ್ದು?”

ವಿಜಯಾ ಒಲೆಯ ಕಡೆಯಿಂದ ತಿರುಗಿ ನಿಂತರು. ಐದು ವರ್ಷ ಕಾದಿದ್ದ ಪ್ರಶ್ನೆ, ಇಷ್ಟು ಸಾದಾ ದನಿಯಲ್ಲಿ. ಈ ಸಲ ವಾಂತಿಯಿಲ್ಲ, ರಕ್ತವಿಲ್ಲ, ಗಡಿಬಿಡಿಯಿಲ್ಲ. ಯೋಚಿಸಲು ಸಮಯವಿತ್ತು. ಯೋಚಿಸಿಯೇ ಹೇಳಿದೆ:

“ಚರೆ ಎಲ್ಲಾ ಒಂದೇ ಥರ ಗಿರೀಶ್. ಏನೂ ಗೊತ್ತಾಗಲ್ಲ.”

“ಹಂಗಾದ್ರ ನೀವ ಎಲ್ಲೆರ ಒಗದುಬಿಡ್ರಿ. ತಮ್ಮ ಯಾವಾಗೋ ನೋಡಿಬಿಟ್ರ ಮತ್ತ ಸಾಯ್ತಾನ” ಎಂದು ಅವರು ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

ಮುಗಿಯಿತು ಅಂದುಕೊಂಡೆ. ರೈಲ್ವೆ ಸ್ಟೇಷನ್ನಿನ ಕಡೆ ನಡೆದೆ. ಪಾರ್ಕಿನ ಪಕ್ಕ ಕಸದ ಡಬ್ಬಿಯಿತ್ತು. ಅದರ ಮುಂದೆ ನಿಂತೆ. ಇದೊಂದು ಹೋದರೆ ಇನ್ನು ಜಗತ್ತಿನಲ್ಲಿ ಯಾರಿಗೂ ಏನೂ ತಿಳಿಯುವ ದಾರಿಯೇ ಇಲ್ಲ. ಹೆದರಿಕೆ ಇಳಿಯಬೇಕಿತ್ತಲ್ಲ — ಇಳಿಯಲಿಲ್ಲ. ಹೆಚ್ಚಾಯಿತು. ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುತ್ತಿದ್ದ ಒಬ್ಬ ತಾಯಿಯ ಎದುರು, ಬೆಂಚಿನ ಮೇಲೆ ಕುಳಿತುಬಿಟ್ಟೆ. ಇನ್ನು ಮೇಲೆ ಇದನ್ನು ಬಲ್ಲವನು ನಾನೊಬ್ಬನೇ, ಸಾಯುವ ತನಕ.

ಆಗ ಫೋನಿನಲ್ಲಿ ನಿನ್ನ ಮೆಸೇಜ್ ಬಂತು. ನೀನು ಬರೆದದ್ದು ನಿನಗೆ ನೆನಪಿರಬಹುದು. “ಅಣ್ಣಾರ, ಅಣ್ಣಂದು ಆಪರೇಷನ್ ಚಲೋ ಆತೇನ್ರಿ? ನಾ ಕೇಳಿದೆ ಅಂತ ಹೇಳಬ್ಯಾಡ್ರಿ.”

ನನಗೆ ಧೈರ್ಯ ಬಂತೆಂದು ತಿಳಿಯಬೇಡ. ಬರಲಿಲ್ಲ, ಈಗಲೂ ಇಲ್ಲ. ಹಿಂದಕ್ಕೆ ನಡೆದೆ, ಅಷ್ಟೇ. ಗಿರೀಶ್ ಬಾಗಿಲು ತೆಗೆದು “ಏನರ ಮರತ್ರೇನ್ರಿ?” ಎಂದರು. ನಿಂತಲ್ಲೇ, ಚಪ್ಪಲಿ ಬಿಡದೆ, ಎಲ್ಲವನ್ನೂ ಹೇಳಿದೆ. ಬಿಗಿ ಚೋಕ್, ಭಾರದ ತೋಟಾ, ಬಿಳಿ ಬುಡ, ಕಾಲುಚೀಲ, ಒಂದೇ ಬಾಕ್ಸಿನ ಮಾತು. ಗಂಟೆಗಟ್ಟಲೆ ಆಗುತ್ತದೆಂದುಕೊಂಡಿದ್ದೆ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಮುಗಿಯಿತು.

ಗಿರೀಶ್ ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು. ಹೊಡೆಯುತ್ತಾರೆಂದು ಹೆದರಿದೆ. ಹೊಡೆದಿದ್ದರೆ ಚೆನ್ನಾಗಿತ್ತು.

“ನನ್ನ ಕಣ್ಣಿಂದು ಬಿಡ್ರಿ” ಎಂದರು. “ಅವಂಗ ನಾ ಫೋನ್ ಹಚ್ಚಿ ಹೇಳಂಗಿಲ್ಲ. ನೀವ ಹೋಗಿ ಹೇಳ್ರಿ. ಮುಖಾ ನೋಡಿ ಹೇಳ್ರಿ.”

ವಿಜಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಬಿಳಿಚಿಕೊಂಡಿದ್ದರು. ನನ್ನ ಜೊತೆಗಲ್ಲ, ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: “ಮನಿ ಮಗಳ ನಿಶ್ಚಯಕ್ಕ ಕರಿಬ್ಯಾಡ ಅಂದಿನಲ್ಲೋ ಅವನ್ನ. ನಾನ ಅಂದೆ. ಈ ಬಾಯಿಲೆ.” ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಸತೀಶ, ಆ ಹೆಣ್ಣುಮಗಳ ಕೈಯಿಂದ ಅನ್ಯಾಯ ಮಾಡಿಸಿದವನೂ ನಾನೇ. ಅದು ನನಗೆ ಅಲ್ಲಿಯತನಕ ಹೊಳೆದೇ ಇರಲಿಲ್ಲ.

ಸುಮಾಗೆ ನಿನ್ನೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: “ಅವನು ನಿಮ್ಮ ಕಾಲು ಮುಟ್ಟಿದಾಗಲೂ ಗೊತ್ತಿತ್ತಾ?” ಗೊತ್ತಿತ್ತು ಎಂದೆ. ಅವಳು ಅಕ್ಕನ ಮನೆಗೆ ಹೋಗಿದ್ದಾಳೆ. ಯಾವಾಗ ಬರುತ್ತಾಳೆಂದು ನಾನು ಕೇಳಲಿಲ್ಲ.

ಕ್ಷಮಿಸು ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ. ಬರೆದರೆ ಅದೂ ನಿನ್ನ ಹೆಗಲಿಗೇ ಬೀಳುವ ಭಾರ — ಕೊಡಬೇಕೋ ಬೇಡವೋ ಎಂದು ನೀನು ತೂಗಬೇಕಾಗುತ್ತದೆ. ಬೇಡ. ಎದುರಿಗೆ ನಿಂತರೆ ನಾಲಿಗೆ ಮತ್ತೆ ಏನಾದರೂ ಮೆತ್ತಗೆ ಮಾಡಿ ಹೇಳೀತೆಂಬ ಹೆದರಿಕೆಗೆ ಬರೆದಿದ್ದೇನೆ. ಆದರೆ ಗಿರೀಶ್ ಹೇಳಿದಂತೆ ಮುಖ ನೋಡಿಯೇ ಕೊಡುತ್ತೇನೆ. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಹನ್ನೊಂದು ಮನೆ. ಈಗ ಹೊರಡುತ್ತೇನೆ. ನೀನು ಓದಿ ಮುಗಿಸುವ ತನಕ ನಿನ್ನೆದುರು ನಿಂತಿರುತ್ತೇನೆ, ಕೂರು ಎಂದರೂ ಕೂರುವುದಿಲ್ಲ. ನೀನು ಏನು ಕೇಳಿದರೂ ಉತ್ತರಿಸುತ್ತೇನೆ, ಏನೂ ಕೇಳದಿದ್ದರೂ ಸರಿ. ಇದರ ಇನ್ನೊಂದು ಪ್ರತಿಯೂ ಆ ಚರೆಯ ಡಬ್ಬಿಯೂ ನನ್ನ ಜೇಬಿನಲ್ಲಿವೆ. ಅಲ್ಲಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ. ನೀನು ಅಲ್ಲಿಗೆ ಬರಬೇಕಾಗಿಲ್ಲ. ನೀನು ಇವತ್ತು ಸಿಡ್ನಿಗೆ ಹೋಗು — ಅವರು ಕಾಯುತ್ತಿದ್ದಾರೆ.